ಅಮೆರಿಕದ ಕಾಲೇಜು ಕ್ರೀಡಾಪಟುಗಳ ವೇತನವೂ ನ್ಯಾಯದಲ್ಲಿ ಅವರ ಸ್ಥಾನವೂ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಕಾಲೇಜುಗಳಲ್ಲಿ ಆಟವೆಂಬುದು ಪಾಠಗಳ ನಡುವಣ ವಿನೋದ ಮಾತ್ರವಲ್ಲ. ಅದೊಂದು ದೊಡ್ಡ ವ್ಯಾಪಾರವೂ ಆಗಿದೆ. ಆ ದೇಶದಲ್ಲಿ ಕಾಲೇಜು ಕಾಲೇಜುಗಳೊಳಗೆ ನಡೆದ ಮೊದಲನೆಯ ಸ್ಪರ್ಧೆಯೆಂದರೆ 1852ರಲ್ಲಿ ಹಾರ್ವರ್ಡ್ ಮತ್ತು ಯೇಲ್ ವಿದ್ಯಾರ್ಥಿಗಳು ನಡೆಸಿದ ದೋಣಿಯ ಪಂದ್ಯ. ಅದರ ವೆಚ್ಚವನ್ನು ವಹಿಸಿಕೊಂಡುದು ಪ್ರಯಾಣಿಕರನ್ನು ಸೆಳೆಯಬಯಸಿದ ಒಂದು ರೈಲ್ವೆ ಕಂಪೆನಿ. ಹಣದ ನಂಟು ಹೀಗೆ ಹುಟ್ಟಿನಿಂದಲೇ ಬಂದುದು. ಆದರೂ ಆಡುವವನಿಗೆ ಮಾತ್ರ ಆಟಕ್ಕಾಗಿ ಹಣ ಸಲ್ಲಕೂಡದೆಂಬ ತತ್ತ್ವವು ಬಹುಕಾಲ ಮಾನ್ಯವಾಗಿದ್ದಿತು. 1906ರಲ್ಲಿ ಸ್ಥಾಪಿತವಾಗಿ, 1910ರಿಂದ ಎನ್.ಸಿ.ಎ.ಎ. ಎಂಬ ಹೆಸರನ್ನು ಪಡೆದ ಕಾಲೇಜುಗಳ ಕ್ರೀಡಾಸಂಘವು ಈ ತತ್ತ್ವದ ಕಾವಲಿಗೆ ನಿಂತಿತು.

ಈ ವಿಷಯದಲ್ಲಿ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ವಿಚಾರಿಸತಕ್ಕದ್ದು. ಕಾಲೇಜುಗಳೆಲ್ಲ ಒಂದಾಗಿ, ಆಟಗಾರನಿಗೆ ಇಷ್ಟಕ್ಕಿಂತ ಹೆಚ್ಚು ಕೊಡಬಾರದೆಂದು ಕಟ್ಟುಮಾಡಬಹುದೆ ಎಂಬುದು ಒಂದು. ಆಟಗಾರನು ತನ್ನ ಕಾಲೇಜಿನ ನೌಕರನೆ ಎಂಬುದು ಇನ್ನೊಂದು. ಮೊದಲನೆಯದು ವ್ಯಾಪಾರದ ಸ್ಪರ್ಧೆಯನ್ನು ಕುರಿತ ಶಾಸನಕ್ಕೆ ಸೇರಿದುದು. ಎರಡನೆಯದು ಕಾರ್ಮಿಕ ಶಾಸನಕ್ಕೆ ಸೇರಿದುದು. ಈ ಭೇದವನ್ನು ಮರೆತರೆ ಈಚಿನ ತೀರ್ಪುಗಳಿಂದ ಆಟಗಾರನಿಗೆ ಏನು ದೊರೆಯಿತು, ಏನು ದೊರೆಯಲಿಲ್ಲ ಎಂಬುದು ಸ್ಪಷ್ಟವಾಗುವುದಿಲ್ಲ.

ಎರಡನೆಯ ಪ್ರಶ್ನೆಯೇ ಮೊದಲು ಹುಟ್ಟಿತು. ಡೆನ್ವರ್ ವಿಶ್ವವಿದ್ಯಾನಿಲಯದ ಒಬ್ಬ ವಿದ್ಯಾರ್ಥಿಯು 1950ರಲ್ಲಿ ಫುಟ್‌ಬಾಲ್ ಅಭ್ಯಾಸದಲ್ಲಿ ಗಾಯಗೊಂಡನು. ಕಾಲೇಜಿನ ಆವರಣದಲ್ಲಿ ಅವನಿಗೊಂದು ಸಣ್ಣ ಕೆಲಸವಿದ್ದಿತು. ಆಟ ಬಿಟ್ಟರೆ ಆ ಕೆಲಸವೂ ತಪ್ಪುವಂತಿದ್ದಿತು. ಆದುದರಿಂದ ಅವನು ನೌಕರನೇ ಎಂದೂ ಪರಿಹಾರಕ್ಕೆ ಅರ್ಹನೆಂದೂ ಕಾಲರಾಡೊ ಸಂಸ್ಥಾನದ ಪರಮೋಚ್ಚ ನ್ಯಾಯಸ್ಥಾನವು 1953ರಲ್ಲಿ ತೀರ್ಪಿತ್ತಿತು. ಇದರಿಂದ ಕಾಲೇಜುಗಳಿಗೆ ಭಯವುಂಟಾಯಿತು. ಆಗ ಕ್ರೀಡಾಸಂಘದ ಕಾರ್ಯನಿರ್ವಾಹಕನಾಗಿದ್ದ ವಾಲ್ಟರ್ ಬೈಯರ್ಸ್ ಮತ್ತು ಅವನ ಸಹಾಯಕರು 'ವಿದ್ಯಾರ್ಥಿ-ಕ್ರೀಡಾಪಟು' ಎಂಬ ಜೋಡುನುಡಿಯನ್ನು ಬಳಕೆಗೆ ತಂದರು. ಆಟಗಾರನನ್ನು ನೌಕರನೆಂದು ಯಾರೂ ಎಣಿಸದಿರಲೆಂಬುದೇ ಈ ಪದದ ಉದ್ದೇಶವಾಗಿತ್ತೆಂದು 1995ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಬೈಯರ್ಸನೇ ಒಪ್ಪಿಕೊಂಡಿದ್ದಾನೆ. 1955ರಲ್ಲಿ ಅದೇ ಸಂಸ್ಥಾನದ ಫೋರ್ಟ್ ಲೂಯಿಸ್ ಕಾಲೇಜಿನ ಆಟಗಾರನೊಬ್ಬನು ಪಂದ್ಯದಲ್ಲಿ ಪೆಟ್ಟುತಿಂದು ಮೃತನಾದನು. ಅವನ ವಿಧವೆಯು ಪರಿಹಾರವನ್ನು ಬೇಡಿದಾಗ, ಕಾಲೇಜು ಫುಟ್‌ಬಾಲ್ ವ್ಯಾಪಾರವನ್ನು ನಡೆಸುತ್ತಿಲ್ಲವೆಂಬ ಕಾರಣದಿಂದ ಅದೇ ನ್ಯಾಯಸ್ಥಾನವು 1957ರಲ್ಲಿ ಆಕೆಯ ಬೇಡಿಕೆಯನ್ನು ನಿರಾಕರಿಸಿತು.

ಹೀಗೆ ಕಾರ್ಮಿಕ ಶಾಸನದ ಬಾಗಿಲು ಮುಚ್ಚಿದ ಮೇಲೆ, ದಾರಿ ತೆರೆದುದು 1890ರ ಷರ್ಮನ್ ಕಾಯಿದೆಯಿಂದ. ವರ್ತಕರು ಗುತ್ತಾಗಿ ಸೇರಿ ಸ್ಪರ್ಧೆಯನ್ನು ಕಟ್ಟಿಹಾಕುವುದನ್ನು ಈ ಕಾಯಿದೆ ನಿಷೇಧಿಸುತ್ತದೆ. ಪಂದ್ಯಗಳ ದೂರದರ್ಶನ ಪ್ರಸಾರವನ್ನು ಸಂಘವೊಂದೇ ನಿಯಂತ್ರಿಸುವುದು ಅದಕ್ಕೆ ವಿರುದ್ಧವೆಂದು ದೇಶದ ಪರಮೋಚ್ಚ ನ್ಯಾಯಸ್ಥಾನವು 1984ರಲ್ಲಿ ನಿರ್ಣಯಿಸಿತು. ಆದರೆ ಆಟಗಾರರಿಗೆ ವೇತನ ಸಲ್ಲದಿರುವುದು ಕಾಲೇಜು ಕ್ರೀಡೆಯ ಸ್ವರೂಪಕ್ಕೆ ಅವಶ್ಯಕವೆಂದು ಆ ತೀರ್ಪಿನಲ್ಲಿಯೇ ಪ್ರಸಂಗವಶಾತ್ ಬಂದ ಮಾತೊಂದು ಸಂಘಕ್ಕೆ ಮೂವತ್ತು ವರ್ಷಗಳಿಗೂ ಮಿಕ್ಕಿ ಗುರಾಣಿಯಾಯಿತು. ಆ ಗುರಾಣಿಗೆ ಬಿದ್ದ ಮೊದಲ ದೊಡ್ಡ ಪೆಟ್ಟು, 2009ರಲ್ಲಿ ಹೂಡಿ 2014ರಲ್ಲಿ ತೀರ್ಪಾದ ಓಬ್ಯಾನನ್ ವ್ಯಾಜ್ಯ. 2021ರ ಆಲ್ಸ್‌ಟನ್ ವ್ಯಾಜ್ಯದಲ್ಲಿ ಅದು ಪೂರ್ತಿಯಾಗಿ ಮುರಿಯಿತು. ವಿದ್ಯಾಭ್ಯಾಸಕ್ಕೆ ಸಂಬಂಧಿಸಿದ ಸೌಲಭ್ಯಗಳಿಗೆ ಸಂಘವು ಹಾಕಿದ್ದ ಮಿತಿಗಳು ಕಾಯಿದೆಗೆ ವಿರುದ್ಧವೆಂದು ಪರಮೋಚ್ಚ ನ್ಯಾಯಸ್ಥಾನದ ಒಂಬತ್ತು ನ್ಯಾಯಾಧೀಶರೂ ಏಕಮತದಿಂದ ಹೇಳಿದರು. ಬ್ಯಾಸ್ಕೆಟ್‌ಬಾಲ್ ಮಹಾಪಂದ್ಯಗಳ ಪ್ರಸಾರದಿಂದ ವರ್ಷಕ್ಕೆ 110 ಕೋಟಿ ಡಾಲರು ಬರುತ್ತಿರುವುದನ್ನೂ, ಮುಖ್ಯ ಫುಟ್‌ಬಾಲ್ ಶಿಕ್ಷಕರ ಸಂಬಳವು 1 ಕೋಟಿ 10 ಲಕ್ಷ ಡಾಲರನ್ನು ಸಮೀಪಿಸಿರುವುದನ್ನೂ ಆ ತೀರ್ಪು ಗುರುತಿಸಿದೆ.

ಅದೇ ವರ್ಷ ಜುಲೈ 1ರಿಂದ, ತಮ್ಮ ಹೆಸರನ್ನೂ ಚಿತ್ರವನ್ನೂ ಜಾಹೀರಾತು ಮೊದಲಾದುವುಗಳಿಗೆ ಕೊಟ್ಟು ಹಣ ಪಡೆಯಲು ಆಟಗಾರರಿಗೆ ಅವಕಾಶವಾಯಿತು. ಇದಕ್ಕೆ ಕ್ಯಾಲಿಫೋರ್ನಿಯ ಸಂಸ್ಥಾನವು 2019ರಲ್ಲಿಯೇ ಶಾಸನ ಮಾಡಿದ್ದಿತು. ಕೊನೆಗೆ ಹೌಸ್ ವ್ಯಾಜ್ಯದ ರಾಜಿಯನ್ನು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ 2025ರ ಜೂನ್ 6ರಂದು ಅಂಗೀಕರಿಸಿದರು. ಅದರಂತೆ ಹಿಂದಿನ ನಷ್ಟಕ್ಕಾಗಿ ಸುಮಾರು 280 ಕೋಟಿ ಡಾಲರನ್ನು ಹತ್ತು ವರ್ಷಗಳಲ್ಲಿ ಸಲ್ಲಿಸತಕ್ಕದ್ದೆಂದೂ, ಒಪ್ಪಿದ ಪ್ರತಿಯೊಂದು ಕಾಲೇಜೂ ಮೊದಲನೆಯ ವರ್ಷದಲ್ಲಿ ಸುಮಾರು 2 ಕೋಟಿ 5 ಲಕ್ಷ ಡಾಲರವರೆಗೆ ಆಟಗಾರರಿಗೆ ನೇರವಾಗಿ ಹಂಚಬಹುದೆಂದೂ ಏರ್ಪಾಡಾಯಿತು. ಹಳೆಯ ನಷ್ಟದ ಹಣದಲ್ಲಿ ಬಹುಭಾಗ ಪುರುಷರ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆ ಸಲ್ಲುವುದು ಸ್ತ್ರೀಪುರುಷ ಸಮಾನತೆಯ 1972ರ ಶಾಸನಕ್ಕೆ ವಿರುದ್ಧವೆಂದು ಕೆಲವು ಮಹಿಳಾ ಕ್ರೀಡಾಪಟುಗಳು ಕೂಡಲೆ ಮೇಲ್ಮನವಿ ಮಾಡಿದರು.

ಮೊದಲನೆಯ ಪ್ರಶ್ನೆಗೆ ಹೀಗೆ ಉತ್ತರ ದೊರೆತರೂ ಎರಡನೆಯದು ಬಗೆಹರಿಯಲಿಲ್ಲ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ಆಟಗಾರರು ನೌಕರರೆಂದು ಕಾರ್ಮಿಕ ಸಂಬಂಧ ಮಂಡಳಿಯ ಪ್ರಾಂತಾಧಿಕಾರಿಯು 2014ರಲ್ಲಿ ಹೇಳಿದನು. ಆದರೆ 2015ರಲ್ಲಿ ಮಂಡಳಿಯು ತನ್ನ ಅಧಿಕಾರವನ್ನು ಚಲಾಯಿಸಲು ಒಪ್ಪಲಿಲ್ಲ. ಏಕೆಂದರೆ ಅದರ ಅಧಿಕಾರ ಖಾಸಗಿ ಸಂಸ್ಥೆಗಳಿಗೆ ಮಾತ್ರ ಸಲ್ಲತಕ್ಕದ್ದು, ಎದುರಾಳಿ ಕಾಲೇಜುಗಳಾದರೋ ಬಹುಮಟ್ಟಿಗೆ ಸರ್ಕಾರದವು. ಡಾರ್ಟ್‌ಮತ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಆಟಗಾರರು 2024ರ ಮಾರ್ಚ್‌ನಲ್ಲಿ 13ಕ್ಕೆ 2 ಮತಗಳಿಂದ ಸಂಘ ಕಟ್ಟಲು ನಿಶ್ಚಯಿಸಿದರು. ಆದರೆ ಆ ವರ್ಷದ ಕೊನೆಯ ದಿನ ಅವರ ಪರವಾದ ಅರ್ಜಿಯನ್ನು ಹಿಂದೆಗೆದುಕೊಳ್ಳಲಾಯಿತು. 2024ರ ಜುಲೈಯಲ್ಲಿ ಜಾನ್ಸನ್ ವ್ಯಾಜ್ಯದಲ್ಲಿ ಮೂರನೆಯ ವಲಯದ ಮೇಲ್ಮನವಿ ನ್ಯಾಯಸ್ಥಾನವು, ಕನಿಷ್ಠ ವೇತನದ ಕಾಯಿದೆಯಂತೆ ಆಟಗಾರನೂ ನೌಕರನಾಗಿರಬಹುದೆಂದು ಹೇಳಿ, ನಾಲ್ಕು ಲಕ್ಷಣಗಳನ್ನು ಕೊಟ್ಟಿತು. ಅವನು ಇನ್ನೊಬ್ಬರಿಗಾಗಿ ಸೇವೆ ಸಲ್ಲಿಸುತ್ತಿರಬೇಕು. ಅದು ಮುಖ್ಯವಾಗಿ ಅವರ ಪ್ರಯೋಜನಕ್ಕೇ ಆಗಿರಬೇಕು. ಅವರ ಅಂಕೆಯಲ್ಲಿ ನಡೆಯುತ್ತಿರಬೇಕು. ಅದಕ್ಕೆ ಹಣವಾಗಲಿ ಬೇರೆ ಸೌಲಭ್ಯವಾಗಲಿ ಪ್ರತಿಫಲವಾಗಿರಬೇಕು. 'ಹವ್ಯಾಸಿ' ಎಂಬ ಹೆಸರು ಮಾತ್ರದಿಂದ ಈ ಪರೀಕ್ಷೆಯನ್ನು ತಪ್ಪಿಸಿಕೊಳ್ಳಲಾಗದು. ಇದಕ್ಕೆ ವಿರುದ್ಧವಾಗಿ ಏಳನೆಯ ವಲಯದ ನ್ಯಾಯಸ್ಥಾನವು 2016ರಲ್ಲಿಯೂ ಒಂಬತ್ತನೆಯ ವಲಯದ್ದು 2019ರಲ್ಲಿಯೂ ನೌಕರಸ್ಥಾನವನ್ನು ನಿರಾಕರಿಸಿದ್ದುವು.

ಕಾಲೇಜುಗಳ ವಾದವನ್ನು ಅಲಕ್ಷ್ಯಮಾಡಲಾಗದು. ಆದಾಯವನ್ನು ತರುವ ಆಟಗಳು ಒಂದೆರಡೇ. ಈಜು, ಓಟ, ಕುಸ್ತಿ ಮೊದಲಾದುವು ಅವುಗಳ ಆಶ್ರಯದಲ್ಲಿ ಬದುಕುತ್ತವೆ. ಎಲ್ಲ ಆಟಗಾರರನ್ನೂ ನೌಕರರೆಂದರೆ ಈ ಸಣ್ಣ ಆಟಗಳು ಕಾಲೇಜಿನಿಂದ ಮಾಯವಾಗಬಹುದೆಂದು ಅವು ಅಂಜುತ್ತವೆ. ಆದರೆ ಜಾನ್ಸನ್ ತೀರ್ಪಿನ ಪರೀಕ್ಷೆಯು ಎಲ್ಲರನ್ನೂ ಒಂದೇ ಗುಂಪಿಗೆ ಸೇರಿಸುವುದಿಲ್ಲ. ವಿನೋದಕ್ಕಾಗಿ ಆಡುವವನಾರು, ದುಡಿಯುವವನಾರು ಎಂಬುದನ್ನು ಆಯಾ ಸಂದರ್ಭದಲ್ಲಿ ಪರಿಶೀಲಿಸಬೇಕೆನ್ನುತ್ತದೆ.

2025ರ ರಾಜಿಯು ಆಟಗಾರನಿಗೆ ಹಣವನ್ನು ಕೊಟ್ಟಿತು, ನೌಕರಸ್ಥಾನವನ್ನು ಕುರಿತು ಏನನ್ನೂ ನಿರ್ಣಯಿಸಲಿಲ್ಲ. ಸ್ಥಾನವಿಲ್ಲದ ಹಣಕ್ಕೆ ಒಂದು ಕೊರತೆಯುಂಟು. ಅದರ ಮಿತಿಯನ್ನು ಗೊತ್ತುಮಾಡುವಾಗ ಆಟಗಾರರ ಸಂಘವೊಂದು ಎದುರಿಗೆ ಕುಳಿತು ಮಾತನಾಡಲಿಲ್ಲ. ಮೈಮುರಿದುಕೊಂಡವನಿಗೆ ಕಾರ್ಮಿಕ ಪರಿಹಾರದ ಹಕ್ಕೂ ಅದರಿಂದ ಬರಲಿಲ್ಲ. ಕಾಲೇಜು ಫುಟ್‌ಬಾಲ್ ವ್ಯಾಪಾರವನ್ನು ನಡೆಸುತ್ತಿಲ್ಲವೆಂಬ 1957ರ ಮಾತನ್ನು ಆದಾಯವನ್ನು ಹಂಚಿಕೊಡುತ್ತಿರುವ ಕಾಲೇಜುಗಳು ಇನ್ನು ಸುಲಭವಾಗಿ ಆಡಲಾರವು. ಆದರೆ ಆ ವಿಧವೆ ಕೇಳಿದ ಪ್ರಶ್ನೆಗೆ ಬೇರೆ ಉತ್ತರವನ್ನು ಕೊಡುವ ಕೆಲಸ ಶಾಸನಸಭೆಗಳ ಮತ್ತು ನ್ಯಾಯಸ್ಥಾನಗಳ ಮುಂದೆ ಉಳಿದಿದೆ.