ಪಲೆಂಕೆಯ ಶಿಲಾಪಟ್ಟವೂ ಅನ್ಯಲೋಕವಾಸಿಗಳ ವಾದವೂ

ಮಾನವ ನಾಗರಿಕತೆಗೆ ಅನ್ಯಲೋಕವಾಸಿಗಳೇ ಮೂಲವೆಂಬ ವಾದವನ್ನು 1968ರಲ್ಲಿ ಜನಪ್ರಿಯಗೊಳಿಸಿದವರು ಸ್ವಿಸ್ ಲೇಖಕ ಎರಿಕ್ ಫಾನ್ ಡ್ಯಾನಿಕೆನ್ನರು. ಅವರು ಮುಂದಿಟ್ಟ ಸಾಕ್ಷ್ಯಗಳಲ್ಲೊಂದು, ಮೆಕ್ಸಿಕೋ ದೇಶದ ಪಲೆಂಕೆಯಲ್ಲಿ ಪುರಾತತ್ತ್ವಜ್ಞ ಆಲ್ಬೆರ್ತೊ ರೂಸರು 1952ರಲ್ಲಿ ಕಂಡ ಸಮಾಧಿಯ ಶಿಲಾಪಟ್ಟ. ಅದರ ಮೇಲೆ ಕೆತ್ತಿದ ಪುರುಷನು ಡ್ಯಾನಿಕೆನ್ನರ ಕಣ್ಣಿಗೆ ವ್ಯೋಮನೌಕೆಯ ಚಾಲಕ! ಚಿತ್ರವನ್ನು ಅಡ್ಡಲಾಗಿ ತಿರುಗಿಸಿದಾಗ ಹಾಗೆ ತೋರುವುದುಂಟು. ನೆಟ್ಟಗೆ ಹಿಡಿದು ನೋಡಿದರೆ ನಮಗೆ ಕಾಣುವುದು ಕೆಳಗೆ ಬಾಯ್ದೆರೆದ ಪಾತಾಳ, ನಡುವೆ ಶಿಲುಬೆಯಾಕಾರದ ವಿಶ್ವವೃಕ್ಷ, ತುದಿಯಲ್ಲಿ ಪಕ್ಷಿ. ಇಂಥದೇ ವೃಕ್ಷವು ಅದೇ ನಗರದ ‘ಶಿಲುಬೆಯ ದೇಗುಲ’ದಲ್ಲಿಯೂ ಇದೆ, ಅದನ್ನು ಯಾರೂ ನೌಕೆಯೆನ್ನಲಿಲ್ಲ. ಇದಕ್ಕಿಂತ ಮುಖ್ಯವಾದುದು ಶಿಲೆಯ ಅಂಚಿನ ಬರಹ. 615ರಲ್ಲಿ ಪಟ್ಟವೇರಿ 683ರಲ್ಲಿ ಮಡಿದ ಪಕಾಲ್ ದೊರೆಯ ಮತ್ತು ಅವನ ಪೂರ್ವಿಕರ ಮರಣದಿನಗಳು ಅಲ್ಲಿವೆಯೆಂದು 1970ರ ದಶಕದಿಂದೀಚೆಗೆ ಲಿಪಿತಜ್ಞರು ಓದಿ ತೋರಿಸಿದ್ದಾರೆ. ಮಾಯಾ ಜನರು ತಮ್ಮ ಚರಿತ್ರೆಯನ್ನು ತಾವೇ ಬರೆದಿಟ್ಟಿದ್ದರು. ಆ ಶಾಸನಭಾಷೆಗೆ ಸಮೀಪವಾದ ಚೋಲ್ ನುಡಿಯನ್ನಾಡುವವರು ಪಲೆಂಕೆಯ ಸುತ್ತಮುತ್ತ ಇಂದಿಗೂ ಇದ್ದಾರೆ.