ಡವಡವಕ್ಕಿಂತ ಹೆಪ್ಪಿನ ಭಯವಿರಲಿ

1912ರಲ್ಲಿ ಡಚ್ ವೈದ್ಯ ಕಾರೆಲ್ ಫ್ರೆಡರಿಕ್ ವೆಂಕೆಬಾಕ್ ಅವರ ಬಳಿಗೆ ಒಬ್ಬ ವ್ಯಾಪಾರಿ ಬಂದ. ಅವನ ನಾಡಿ ಆಗಾಗ ಲಯ ತಪ್ಪಿ ಓಡುತ್ತಿತ್ತು. ಇದನ್ನು ನಿಲ್ಲಿಸುವ ಮದ್ದು ತಮ್ಮಲ್ಲಿಲ್ಲ ಎಂದು ವೆಂಕೆಬಾಕ್ ಹೇಳಿದಾಗ ಆತ ಒಪ್ಪಲಿಲ್ಲ. ನಾಳೆ ಬೆಳಿಗ್ಗೆ ಸರಿಯಾದ ನಾಡಿಯೊಂದಿಗೆ ಬರುತ್ತೇನೆ ಎಂದು ಹೋದವನು ಹಾಗೆಯೇ ಬಂದ. ಮಲೇರಿಯಾ ಇರುವ ಪೂರ್ವದೇಶಗಳಲ್ಲಿ ಓಡಾಡಿದ್ದ ಅವನಿಗೆ ಕ್ವಿನೈನ್ ಪರಿಚಯವಿತ್ತು. ಒಂದು ಗ್ರಾಂ ಕ್ವಿನೈನ್ ನುಂಗಿದರೆ ಎದೆ ತಹಬಂದಿಗೆ ಬರುತ್ತದೆ ಎಂಬುದನ್ನು ತಾನೇ ಕಂಡುಕೊಂಡಿದ್ದ. ವೆಂಕೆಬಾಕ್ ಇದನ್ನು 1914ರಲ್ಲಿ ಬರೆದಿಟ್ಟರು. ಅದೇ ಸಿಂಕೋನ ತೊಗಟೆಯ ಇನ್ನೊಂದು ಸಾರವಾದ ಕ್ವಿನಿಡಿನ್ ಹೆಚ್ಚು ಪರಿಣಾಮಕಾರಿ ಎಂದು 1918ರಲ್ಲಿ ವಾಲ್ಟರ್ ಫ್ರೈ ತೋರಿಸಿದರು. ಲಯ ಸರಿಪಡಿಸುವ ಮಾತ್ರೆಗಳ ಚರಿತ್ರೆಯಲ್ಲಿ ಹೀಗೆ ರೋಗಿಯೊಬ್ಬನಿಗೂ ದೊಡ್ಡ ಪಾಲಿದೆ.

ಆ ವ್ಯಾಪಾರಿಯನ್ನು ಕಾಡಿದ್ದು ಎದೆಯ ಡವಡವ. ಇಂದಿಗೂ ರೋಗಿಗಳು ವೈದ್ಯರ ಮುಂದೆ ಹೇಳಿಕೊಳ್ಳುವುದು ಅದನ್ನೇ: ಎದೆ ಹಾರಿದಂತಾಗುತ್ತದೆ, ಬಡಿತ ತಪ್ಪುತ್ತದೆ, ಈಗಲೇ ಹೃದಯ ನಿಂತುಬಿಡುತ್ತದೇನೋ ಅನ್ನಿಸುತ್ತದೆ. ಆ ಭಯ ಸಹಜ. ಆದರೆ ಲಯ ತಪ್ಪುವ ಈ ಕಾಯಿಲೆಯ ದೊಡ್ಡ ಅಪಾಯ ಇರುವುದು ನಮಗೆ ಗೊತ್ತೇ ಆಗದ ಎರಡು ಸಂಗತಿಗಳಲ್ಲಿ. ಒಂದು, ಸದ್ದಿಲ್ಲದೆ ಏರಿ ಕುಳಿತ ಬಿಪಿ. ಇನ್ನೊಂದು, ಹೃದಯದೊಳಗೆ ಕಟ್ಟುವ ರಕ್ತದ ಹೆಪ್ಪು.

ಲಯದ ತೊಂದರೆಗಳು ಹಲವು ಬಗೆಯವು. ಅವುಗಳಲ್ಲಿ ಬಿಪಿಗೆ ತೀರಾ ಹತ್ತಿರದ ನೆಂಟ, ಹೃದಯದ ಮೇಲಿನ ಕೋಣೆ ಅದುರತೊಡಗುವ ಏಟ್ರಿಯಲ್ ಫಿಬ್ರಿಲೇಶನ್. ಬಿಪಿ ವರ್ಷಗಟ್ಟಲೆ ಹೆಚ್ಚಿದ್ದರೆ ಆ ಒತ್ತಡದ ಎದುರು ರಕ್ತ ನೂಕುವ ಎಡ ಹೃತ್ಕುಕ್ಷಿಯ ಗೋಡೆ ದಪ್ಪವಾಗಿ ಬಿರುಸಾಗುತ್ತದೆ. ಬಿರುಸಾದ ಕೋಣೆಗೆ ರಕ್ತ ತುಂಬಿಸಲು ಮೇಲಿನ ಹೃತ್ಕರ್ಣ ಹೆಚ್ಚು ದುಡಿಯಬೇಕು. ಅದು ಹಿಗ್ಗುತ್ತದೆ, ಅದರ ಸ್ನಾಯುವಿನ ನಡುವೆ ನಾರು ಬೆಳೆಯುತ್ತದೆ, ವಿದ್ಯುತ್ ಹರಿಯುವ ದಾರಿ ಅಲ್ಲಲ್ಲಿ ಕಡಿಯುತ್ತದೆ. ಇಂಥ ಹೃತ್ಕರ್ಣದಲ್ಲಿ ಒಂದು ಕಿಡಿ ಹೊತ್ತಿದರೆ ಸಾಕು. ಆ ಕಿಡಿ ಬಹುಪಾಲು ಶ್ವಾಸಕೋಶದಿಂದ ರಕ್ತ ತರುವ ಸಿರೆಗಳ ಬಾಯಲ್ಲಿ ಹುಟ್ಟುತ್ತದೆಂದು ಫ್ರಾನ್ಸಿನ ಬೋರ್ಡೋ ನಗರದ ಮಿಶೆಲ್ ಐಸಗೇರ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದರು. ಕಾಲಿನ ರಕ್ತನಾಳದ ಮೂಲಕ ತಂತಿ ಕಳಿಸಿ ಹೃದಯದೊಳಗೆ ಸುಡುವ ಇಂದಿನ ಅಬ್ಲೇಶನ್ ಚಿಕಿತ್ಸೆ ಗುರಿಯಿಡುವುದು ಅಲ್ಲಿಗೇ.

ಲಯ ಕೆಟ್ಟಾಗ ಹೃತ್ಕರ್ಣ ನಿಮಿಷಕ್ಕೆ 350ರಿಂದ 600 ಬಾರಿ ಅದುರುತ್ತದೆ. ಅಷ್ಟೂ ಸಂದೇಶ ಕೆಳಗಿಳಿದರೆ ಜೀವ ಉಳಿಯದು. ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಎವಿ ನೋಡ್ ಎಂಬ ಗಂಟು ಅವುಗಳಲ್ಲಿ ಕೆಲವನ್ನಷ್ಟೇ, ಅದೂ ಯಾವುದೇ ಕ್ರಮವಿಲ್ಲದೆ, ಬಿಡುತ್ತದೆ. ಮಣಿಕಟ್ಟಿನ ನಾಡಿ ಹೊತ್ತುಗೊತ್ತಿಲ್ಲದೆ ಬಡಿಯುವುದು ಇದರಿಂದ. ಆದರೆ ಕೆಳಗಿನ ಕೋಣೆ ಕೆಲಸ ನಿಲ್ಲಿಸುವುದಿಲ್ಲ, ಆದ್ದರಿಂದ ಈ ಡವಡವ ತಾನಾಗಿ ಒಮ್ಮೆಲೇ ಜೀವ ತೆಗೆಯುವುದು ಅಪರೂಪ. ಅಪಾಯ ಇನ್ನೊಂದು ಮೂಲೆಯಲ್ಲಿದೆ. ಎಡ ಹೃತ್ಕರ್ಣಕ್ಕೆ ಅಂಟಿಕೊಂಡು ಕಿವಿಯಾಕಾರದ ಸಣ್ಣ ಚೀಲವೊಂದಿದೆ. ಮೇಲಿನ ಕೋಣೆ ಹಿಂಡುವುದನ್ನು ಬಿಟ್ಟು ಬರೀ ಅದುರತೊಡಗಿದರೆ ಆ ಚೀಲದಲ್ಲಿ ರಕ್ತ ನಿಲ್ಲುತ್ತದೆ. ಅಲುಗಾಡಿಸದೆ ಇಟ್ಟ ಹಾಲು ಮೊಸರಾದಂತೆ ಅಲ್ಲಿ ಹೆಪ್ಪು ಕೂರುತ್ತದೆ. ಅದರ ಚೂರು ಸಿಡಿದು ಮಿದುಳಿಗೆ ಏರಿದರೆ ಲಕ್ವ. ಈ ಕಾಯಿಲೆ ಇರುವವರಿಗೆ ಲಕ್ವ ಹೊಡೆಯುವ ಸಾಧ್ಯತೆ ಇಲ್ಲದವರಿಗಿಂತ ಸುಮಾರು 5 ಪಟ್ಟು. ಅವರಿಗೆ ಬಿಪಿಯೂ ಇದ್ದರೆ ಅಪಾಯ ಇನ್ನೂ ಹೆಚ್ಚು.

ನನ್ನ ಮಟ್ಟಿಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಕಣ್ಣು ತೆರೆಸುವ ಅಧ್ಯಯನ 2002ರಲ್ಲಿ ಪ್ರಕಟವಾದ ಅಫರ್ಮ್. ಅದರಲ್ಲಿ 4,060 ರೋಗಿಗಳಿದ್ದರು. ಒಂದು ಗುಂಪಿಗೆ ಲಯವನ್ನೇ ಸರಿಪಡಿಸುವ ಮಾತ್ರೆ, ಇನ್ನೊಂದು ಗುಂಪಿಗೆ ಲಯ ಕೆಟ್ಟೇ ಇರಲಿ, ವೇಗ ಇಳಿಸಿದರೆ ಸಾಕು ಎಂಬ ಚಿಕಿತ್ಸೆ. ಲಯ ಸರಿಪಡಿಸಿದವರೇ ಹೆಚ್ಚು ಕಾಲ ಬದುಕಿದರು ಎಂದೇನೂ ಆಗಲಿಲ್ಲ. ಎರಡೂ ಗುಂಪುಗಳಲ್ಲಿ ಲಕ್ವ ಹೊಡೆದದ್ದು ಹೆಚ್ಚಾಗಿ ಯಾರಿಗೆ ಎಂದು ನೋಡಿದರೆ, ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಿದ್ದವರಿಗೆ, ಇಲ್ಲವೇ ಮಾತ್ರೆಯ ಪ್ರಮಾಣ ಸಾಲದಿದ್ದವರಿಗೆ. ಕಾಯಿಲೆ ಶುರುವಾದ ಹೊಸತರಲ್ಲೇ ಲಯ ಸರಿಪಡಿಸಿದರೆ ಲಾಭವಿದೆ ಎಂದು 2020ರ ಯುರೋಪಿನ ಅಧ್ಯಯನವೊಂದು ಹೇಳಿದೆ, ನಿಜ. ಆದರೆ ಆ ರೋಗಿಗಳಲ್ಲೂ ಬಹುತೇಕರು ಹೆಪ್ಪು ತಡೆಯುವ ಮಾತ್ರೆ ತೆಗೆದುಕೊಳ್ಳುತ್ತಲೇ ಇದ್ದರು.

ಎದೆ ಈಗ ಶಾಂತವಾಗಿದೆ, ಹಾಗಾದರೆ ಈ ಮಾತ್ರೆ ಏಕೆ ಎಂಬ ಪ್ರಶ್ನೆ ಮನೆಮನೆಯಲ್ಲಿ ಏಳುತ್ತದೆ. ಲಯದ ತೊಂದರೆ ಬಂದು ಹೋಗಿ ಮಾಡುತ್ತಿದ್ದರೂ, ಅದು ಬಂದದ್ದೇ ತಿಳಿಯದಿದ್ದರೂ ಹೆಪ್ಪು ಕಟ್ಟಬಲ್ಲದು, ಉತ್ತರ ಅಷ್ಟೇ. ವಾರ್ಫರಿನ್ ಇಲಿ ಪಾಷಾಣವಂತೆ ಎಂದು ಹೆದರಿ ಬಿಟ್ಟವರೂ ಇದ್ದಾರೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹುಟ್ಟಿದ ಈ ಔಷಧ 1948ರಲ್ಲಿ ಇಲಿ ಕೊಲ್ಲಲೆಂದೇ ಮಾರುಕಟ್ಟೆಗೆ ಬಂತು. ಆದರೆ 1955ರಲ್ಲಿ ಹೃದಯಾಘಾತವಾದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಇದನ್ನೇ ಕೊಟ್ಟರು. ವಿಷವೋ ಮದ್ದೋ ಎಂಬುದು ಪ್ರಮಾಣದ ಮಾತು. ಆ ಪ್ರಮಾಣ ಕಾಯಲೆಂದೇ ಐಎನ್ಆರ್ ಎಂಬ ರಕ್ತಪರೀಕ್ಷೆ ಇದೆ; ಈ ಕಾಯಿಲೆಯಲ್ಲಿ ಅದು ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು. ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪು ಬಿಡಬೇಕಿಲ್ಲ. ಒಂದು ವಾರ ದಿನವೂ ಬಸ್ಸಾರು, ಮರುವಾರ ಸೊಪ್ಪೇ ಇಲ್ಲ ಎಂಬಂತೆ ಆಗಬಾರದು. ಸೊಪ್ಪಿನಲ್ಲಿರುವ ಕೆ ಜೀವಸತ್ವ ಮಾತ್ರೆಗೆ ಎದುರಾಗಿ ಕೆಲಸ ಮಾಡುವುದರಿಂದ ಎಲ್ಲ ವಾರವೂ ಹೆಚ್ಚುಕಡಿಮೆ ಅಷ್ಟೇ ತಿಂದರೆ ಲೆಕ್ಕ ತಪ್ಪುವುದಿಲ್ಲ.

ಈ ಕಾಯಿಲೆಗೆ 2010ರಿಂದೀಚೆಗೆ ಬಂದ ಡಾಬಿಗಟ್ರಾನ್, ರಿವರೊಕ್ಸಬಾನ್, ಎಪಿಕ್ಸಬಾನ್ ಮಾತ್ರೆಗಳಿಗೆ ಈ ಐಎನ್ಆರ್ ಗೋಜಲಿಲ್ಲ. ಆದರೆ ಎಲ್ಲರಿಗೂ ಇವು ಸಲ್ಲುವುದಿಲ್ಲ. ನಮ್ಮ ದೇಶದಲ್ಲಿ ಚಿಕ್ಕಂದಿನ ಗಂಟಲುನೋವು, ಕೀಲುಜ್ವರದಿಂದ ಹೃದಯದ ಕವಾಟ ಕೆಟ್ಟು, ಅದರಿಂದಲೇ ಲಯ ತಪ್ಪಿದವರು ಬಹಳ. ಇಂಥವರಲ್ಲಿ ವಾರ್ಫರಿನ್ ಬಗೆಯ ಹಳೆಯ ಮಾತ್ರೆಯೇ ರಿವರೊಕ್ಸಬಾನ್‌ಗಿಂತ ಮೇಲು ಎಂದು 2022ರಲ್ಲಿ ಇನ್ವಿಕ್ಟಸ್ ಅಧ್ಯಯನ ಸ್ಪಷ್ಟವಾಗಿ ತೋರಿಸಿತು. ಲೋಹದ ಕವಾಟ ಹಾಕಿಸಿಕೊಂಡವರಿಗೂ ಹಳೆಯದೇ ಗತಿ. ನೆರೆಮನೆಯವರಿಗೆ ಒಗ್ಗಿದ ಮಾತ್ರೆಯನ್ನು ಕೇಳಿ ಬದಲಾಯಿಸಿಕೊಳ್ಳಬಾರದು. ಆಸ್ಪಿರಿನ್ ಇದ್ದರೆ ಸಾಲದೇ ಎಂದರೆ, ಸಾಲದು.

ಇನ್ನು ಬಿಪಿ. ನಾಡಿ ಏರುಪೇರಾಗಿದ್ದಾಗ ಮನೆಯ ಯಂತ್ರ ಒಂದು ಸಲ ಒಂದು, ಇನ್ನೊಂದು ಸಲ ಇನ್ನೊಂದು ತೋರಿಸುತ್ತದೆ. ಪ್ರತಿ ಬಡಿತದಲ್ಲೂ ಹೊರಬೀಳುವ ರಕ್ತದ ಪ್ರಮಾಣವೇ ಬೇರೆ ಇರುವುದರಿಂದ ಹೀಗಾಗುತ್ತದೆ. ಯಂತ್ರ ಕೆಟ್ಟಿದೆ ಎಂದೇನಲ್ಲ. ಐದು ನಿಮಿಷ ಸುಮ್ಮನೆ ಕುಳಿತು, ಒಂದೆರಡು ನಿಮಿಷದ ಅಂತರದಲ್ಲಿ ಮೂರು ಸಲ ಅಳೆದು ಸರಾಸರಿ ಬರೆದಿಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಾ ಬಿಪಿಯ ಮಾತ್ರೆಯನ್ನು ಬಿಟ್ಟರೆ ಮಿದುಳಿನಲ್ಲಿ ರಕ್ತನಾಳ ಒಡೆಯುವ ಅಪಾಯ ಹೆಚ್ಚುತ್ತದೆ. ಹೀಗಾಗಿ ಈ ಎರಡು ಮಾತ್ರೆಗಳಲ್ಲಿ ಒಂದನ್ನು ನುಂಗಿ ಒಂದನ್ನು ಬಿಡುವಂತಿಲ್ಲ.

ಬಿಪಿ ಹತೋಟಿಯಲ್ಲಿರಲು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ದೇಶದ ಸಮೀಕ್ಷೆಯೊಂದರಲ್ಲಿ ಸರಾಸರಿ 8 ಗ್ರಾಂ ಕಂಡುಬಂತು. ಸಾರಿನ ಉಪ್ಪು ಇಳಿಸಿ ಪಕ್ಕದಲ್ಲಿ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಇಟ್ಟುಕೊಂಡರೆ ಲೆಕ್ಕ ಅಲ್ಲಿಗೇ ಬಂದು ನಿಲ್ಲುತ್ತದೆ. ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಅದು ಬಿಪಿಗೆ ಒಳ್ಳೆಯದೇ, ಆದರೆ ಮೂತ್ರಪಿಂಡ ದುರ್ಬಲವಾದವರಲ್ಲಿ, ಸ್ಪೈರನೊಲ್ಯಾಕ್ಟೋನ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ಪೊಟ್ಯಾಸಿಯಂ ಮಿತಿಮೀರಿ ಲಯವನ್ನೇ ಕೆಡಿಸೀತು. ದಿನವೂ ಎಳನೀರು ಕುಡಿಯುವ ಮೊದಲು ಅಂಥವರು ವೈದ್ಯರನ್ನು ಕೇಳಬೇಕು. ಹೆಚ್ಚಿನವರಿಗೆ ತಿಳಿಯದ ಇನ್ನೊಂದು ವಸ್ತು ಕೆಮ್ಮಿಗೆಂದು ಕೊಡುವ ಜ್ಯೇಷ್ಠಮಧು. ಅದರ ಗ್ಲಿಸಿರೈಜಿನ್ ದೇಹದಲ್ಲಿ ಉಪ್ಪು ನಿಲ್ಲಿಸಿ ಬಿಪಿ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಎರಡೂ ಹೃದಯಕ್ಕೆ ಕೆಡುಕು. ಗಿಡಮೂಲಿಕೆ ಎಂದು ಹಗುರವಾಗಿ ಕಾಣುವುದು ಸಲ್ಲದು. ಮಂಡಿನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಡೈಕ್ಲೋಫಿನಾಕ್, ಐಬುಪ್ರೊಫೆನ್ ಕೂಡ ಬಿಪಿ ಏರಿಸುತ್ತವೆ, ರಕ್ತಸ್ರಾವಕ್ಕೂ ದಾರಿ ಮಾಡುತ್ತವೆ.

ತೂಕ ಇಳಿಸಿದರೆ ಲಯವೂ ಸುಧಾರಿಸುತ್ತದೆ ಎಂಬುದು ಆಸ್ಟ್ರೇಲಿಯಾದ ಅಡಿಲೇಡ್ ನಗರದ ವೈದ್ಯರ 2015ರ ಅಧ್ಯಯನದಿಂದ ಗಟ್ಟಿಯಾಗಿದೆ. ತೂಕದ ಹತ್ತನೇ ಒಂದು ಭಾಗ ಕಳೆದುಕೊಂಡವರಲ್ಲಿ ಹಲವರಿಗೆ ಡವಡವದ ದಾಳಿಗಳೇ ನಿಂತವು. ಮದ್ಯ ಬಿಟ್ಟವರಲ್ಲೂ ದಾಳಿ ಕಡಿಮೆಯಾದದ್ದು 2020ರ ಇನ್ನೊಂದು ಆಸ್ಟ್ರೇಲಿಯಾ ಅಧ್ಯಯನದಲ್ಲಿ ಕಂಡಿದೆ. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುವ ತೊಂದರೆ ಇದ್ದರೆ ಅದನ್ನೂ ವೈದ್ಯರಿಗೆ ತೋರಿಸಿ. ಬಿಪಿಗೂ ಲಯಕ್ಕೂ ಅದು ವೈರಿ. ಕಾಫಿಯ ಮೇಲೆ ಇಲ್ಲದ ಆರೋಪ ಹೊರಿಸುವುದು ಬೇಡ: 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆರೋಗ್ಯವಂತರು ಕಾಫಿ ಕುಡಿದ ದಿನ ಹೃತ್ಕರ್ಣದ ಅಡ್ಡಬಡಿತ ಹೆಚ್ಚಲಿಲ್ಲ, ನಿದ್ದೆ ಮಾತ್ರ ಕಡಿಮೆಯಾಯಿತು. ಲಯ ತಪ್ಪಿದವರು ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿಕೊಳ್ಳಬೇಕು. 1991ರಲ್ಲಿ ಜಾಗಿಂಗ್ ಮಾಡುವಾಗ ಅಮೆರಿಕದ ಅಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯೂ. ಬುಷ್ ಅವರ ನಾಡಿ ತಪ್ಪಿದಾಗ ಕಾರಣ ಸಿಕ್ಕಿದ್ದು ಥೈರಾಯ್ಡ್ ಗ್ರಂಥಿಯಲ್ಲಿ.

ಬಿಪಿ ಇರುವವರು, ಅರವತ್ತು ದಾಟಿದವರು ವಾರಕ್ಕೊಮ್ಮೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಒಂದು ನಿಮಿಷ ನಾಡಿ ನೋಡಿಕೊಳ್ಳಿ. ತಾಳ ತಪ್ಪಿದ್ದರೆ ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ತೆಗೆಸಿ. ಕಾಯಿಲೆ ಇದೆಯೆಂದು ಗೊತ್ತಾದವರು ಮಾತ್ರೆಗಳ ಹೆಸರನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಳ್ಳಿ. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಕಾಯದೆ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಕರೆದೊಯ್ಯಲು ಮನೆಯವರಿಗೆ ಹೇಳಿಕೊಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಕೊಡುವುದು ಮೊದಲ ನಾಲ್ಕೂವರೆ ಗಂಟೆಯೊಳಗೆ. ರೋಗಿ ರಕ್ತ ತೆಳುವಾಗಿಸುವ ಮಾತ್ರೆ ಕೊನೆಯ ಬಾರಿ ನುಂಗಿದ್ದು ಎಷ್ಟು ಹೊತ್ತಿಗೆ ಎಂಬುದು ಗೊತ್ತಿದ್ದರೆ ಆ ಇಂಜೆಕ್ಷನ್ ಕೊಡಬಹುದೇ ಎಂದು ತೀರ್ಮಾನಿಸಲು ವೈದ್ಯರಿಗೆ ನೆರವಾಗುತ್ತದೆ. ಆ ಹೊತ್ತನ್ನೂ ದಿನವೂ ಚೀಟಿಯಲ್ಲಿ ಬರೆಯಿರಿ.