ಹತ್ತು ಹೆಜ್ಜೆ ದೂರದಲ್ಲಿ ರಾಜ



ಚೀನಾ ಸಿನಿಮಾ ಅಂದ ಕೂಡಲೇ ನಮ್ಮಲ್ಲಿ ಕೆಲವರು ಬೆಂಚು ಹತ್ತಿ ‘ಹೂ ಹಾ’ ಅಂತ ಕೈಕಾಲು ಬೀಸತೊಡಗುತ್ತಾರೆ. ಇಲ್ಲಿ ಹೇಳುವ ಸಿನಿಮಾದಲ್ಲೂ ಕತ್ತಿ ಕಾಳಗ ಬೇಕಾದಷ್ಟಿದೆ. ಸರೋವರದ ನೀರಿನ ಮೇಲೆ ಓಡುತ್ತಾರೆ, ಹಳದಿ ಎಲೆಗಳ ನಡುವೆ ಹಾರುತ್ತಾರೆ. ಆದರೆ ಕತೆಯ ತಿರುಳು ಒಂದೇ ಪ್ರಶ್ನೆ. ಕೈಗೆ ಸಿಕ್ಕ ಕ್ರೂರ ರಾಜನನ್ನು ಕೊಲ್ಲಬೇಕೋ, ಬಿಡಬೇಕೋ? ಸಿನಿಮಾದ ಹೆಸರು ‘ಹೀರೋ’. 2002ರಲ್ಲಿ ಬಂದದ್ದು. ನಿರ್ದೇಶಕರು ಜಾಂಗ್ ಯಿಮೋ, ಮುಖ್ಯ ಪಾತ್ರದಲ್ಲಿ ಜೆಟ್ ಲೀ.

ಮೊದಲು ಆ ಕಾಲ ಹೇಗಿತ್ತು ಅಂತ ತಿಳಿಯೋಣ. ಸುಮಾರು 2,250 ವರ್ಷಗಳ ಹಿಂದೆ ಚೀನಾ ಒಂದೇ ದೇಶವಾಗಿರಲಿಲ್ಲ. ಏಳು ದೊಡ್ಡ ರಾಜ್ಯಗಳು ಒಂದನ್ನೊಂದು ನುಂಗಲು ಕಾದಾಡುತ್ತಿದ್ದವು. ಪಶ್ಚಿಮದ ಚಿನ್ ರಾಜ್ಯ ಎಲ್ಲಕ್ಕಿಂತ ಬಲಶಾಲಿ. ಕ್ರಿ.ಪೂ. 260ರಲ್ಲಿ ಚಾಂಗ್‌ಪಿಂಗ್ ಎಂಬಲ್ಲಿ ಅದು ಝಾವೋ ರಾಜ್ಯವನ್ನು ಸೋಲಿಸಿ, ಶರಣಾದ ಸೈನಿಕರನ್ನೂ ಕೊಂದುಹಾಕಿತು. ಸತ್ತವರು 4 ಲಕ್ಷ ಅಂತ ಪ್ರಾಚೀನ ಇತಿಹಾಸಕಾರ ಸಿಮಾ ಚಿಯಾನ್ ಬರೆದಿದ್ದಾನೆ. ಲೆಕ್ಕ ಸ್ವಲ್ಪ ಹೆಚ್ಚೇ ಇದ್ದರೂ ಇರಲಿ, ಝಾವೋ ಜನ ಆ ಗಾಯ ಮರೆಯಲು ಸಾಧ್ಯವೇ? ಸಿನಿಮಾದ ನಾಯಕ ಅಂಥ ಝಾವೋ ನಾಡಿನ ಅನಾಥ. ಅವನಿಗೆ ಹೆಸರೇ ಇಲ್ಲ.

ಈ ಹೆಸರಿಲ್ಲದವ ಚಿನ್ ರಾಜ್ಯದಲ್ಲಿ ಸಣ್ಣ ಅಧಿಕಾರಿ. ಅವನಿಗೆ ಒಂದು ವಿದ್ಯೆ ಗೊತ್ತು. ಹತ್ತು ಹೆಜ್ಜೆಯ ಒಳಗೆ ಯಾರಿದ್ದರೂ ಅವನ ಕತ್ತಿ ತಪ್ಪುವುದಿಲ್ಲ. ಆದರೆ ರಾಜನ ಹತ್ತಿರ ನೂರು ಹೆಜ್ಜೆಗಿಂತ ಒಳಗೆ ಯಾರನ್ನೂ ಬಿಡುವುದಿಲ್ಲವಲ್ಲ! ರಾಜನ ಮೂವರು ಶತ್ರುಗಳಾದ ‘ಆಕಾಶ’, ‘ಹಾರುವ ಹಿಮ’, ‘ಮುರಿದ ಕತ್ತಿ’ ಎಂಬುವರನ್ನು ಕೊಂದೆ ಅಂತ ಹೇಳಿ ಅವರ ಆಯುಧಗಳನ್ನು ತಂದು ತೋರಿಸುತ್ತಾನೆ. ಒಂದು ಭರ್ಜಿಗೆ ಇಪ್ಪತ್ತು ಹೆಜ್ಜೆ ಹತ್ತಿರ, ಎರಡು ಕತ್ತಿಗೆ ಹತ್ತು ಹೆಜ್ಜೆ ಹತ್ತಿರ. ಈಗ ಇಬ್ಬರ ನಡುವೆ ಉಳಿದದ್ದು ಉರಿಯುವ ದೀಪಗಳು ಮಾತ್ರ. ಆ ಜ್ವಾಲೆಗಳು ತೊನೆಯುವುದನ್ನು ನೋಡಿಯೇ ಇವನ ಮನಸ್ಸಿನಲ್ಲಿ ಏನಿದೆ ಅಂತ ರಾಜ ಊಹಿಸುತ್ತಾನೆ.

ಮೊದಲ ಸಲ ನೋಡುವವರಿಗೆ ಸತ್ತವರು ಮತ್ತೆ ಹೇಗೆ ಬಂದರು ಅಂತ ಗಲಿಬಿಲಿ ಆಗುತ್ತದೆ. ಬಟ್ಟೆಯ ಬಣ್ಣ ಗಮನಿಸಿದರೆ ಸಾಕು. ಕೆಂಪು ಬಣ್ಣದಲ್ಲಿ ಬರುವುದು ನಾಯಕ ಹೇಳಿದ ಸುಳ್ಳು. ನೀಲಿ ಬಣ್ಣದ್ದು ರಾಜನ ಊಹೆ. ಬಿಳಿ ಬಣ್ಣದ್ದು ನಿಜ. ಹಸಿರು ಬಂದರೆ ಮುರಿದ ಕತ್ತಿಯ ಹಳೆಯ ನೆನಪು.

ಈ ಮುರಿದ ಕತ್ತಿ ಮೂರು ವರ್ಷಗಳ ಹಿಂದೆಯೇ ಅರಮನೆಗೆ ನುಗ್ಗಿ, ಕೊಲ್ಲುವ ಅವಕಾಶವಿದ್ದೂ ರಾಜನನ್ನು ಬಿಟ್ಟು ಬಂದವನು. ಏಳು ರಾಜ್ಯ ಒಂದಾದರೆ ಯುದ್ಧ ನಿಲ್ಲುತ್ತದೆ, ಅದನ್ನು ಮಾಡಬಲ್ಲವನು ಈ ರಾಜನೊಬ್ಬನೇ ಅನ್ನೋದು ಅವನ ವಾದ. ಹೆಸರಿಲ್ಲದವನ ಮುಂದೆ ಮರಳಿನ ಮೇಲೆ ಎರಡು ಅಕ್ಷರ ಬರೆದು ತೋರಿಸುತ್ತಾನೆ. ಅದರ ಅರ್ಥ ‘ಆಕಾಶದ ಕೆಳಗಿರುವುದೆಲ್ಲ’. ಕೊನೆಗೆ ಹೆಸರಿಲ್ಲದವನೂ ರಾಜನನ್ನು ಕೊಲ್ಲದೆ ಬಿಡುತ್ತಾನೆ. ರಾಜ ಮಾತ್ರ ಕಾನೂನಿನ ಹೆಸರಲ್ಲಿ ಅವನಿಗೆ ಬಾಣಗಳ ಮಳೆ ಸುರಿಸುತ್ತಾನೆ. ಕೋಟೆಬಾಗಿಲ ತುಂಬ ಬಾಣ ನೆಟ್ಟಿವೆ, ನಡುವೆ ಒಬ್ಬ ಮನುಷ್ಯನ ಆಕಾರದಷ್ಟು ಜಾಗ ಖಾಲಿ.

ಇದೆಲ್ಲ ನಿಜವಾಗಿ ನಡೆದಿತ್ತೇ? ಹೆಸರಿಲ್ಲದವ ಕಲ್ಪನೆ. ಆದರೆ ಆ ರಾಜ ಇದ್ದದ್ದು ನಿಜ, ಅವನನ್ನು ಕೊಲ್ಲಲು ಬಂದವನಿದ್ದದ್ದೂ ನಿಜ. ಅವನ ಹೆಸರು ಜಿಂಗ್ ಕೆ. ಕ್ರಿ.ಪೂ. 227ರಲ್ಲಿ ಯಾನ್ ರಾಜ್ಯದ ಯುವರಾಜ ಅವನನ್ನು ಕಳಿಸಿದ. ರಾಜನಿಗೆ ಬೇಕಾಗಿದ್ದ ಒಬ್ಬ ಓಡಿಹೋದ ಸೇನಾಪತಿಯ ತಲೆ, ಜೊತೆಗೆ ಒಂದು ನಕ್ಷೆ ಕಾಣಿಕೆಯಾಗಿ ತಂದ. ನಕ್ಷೆಯ ಸುರುಳಿ ಬಿಚ್ಚುತ್ತಾ ಹೋದಂತೆ ಕೊನೆಯಲ್ಲಿ ವಿಷ ಹಚ್ಚಿದ ಬಾಕು! ಜಿಂಗ್ ಕೆ ರಾಜನ ತೋಳು ಹಿಡಿದು ತಿವಿದ. ತೋಳು ಹರಿದು ರಾಜ ತಪ್ಪಿಸಿಕೊಂಡ. ಅಂದರೆ ಅಂಗಿಯ ತೋಳು, ಕೈಯಲ್ಲ.

ಆಮೇಲೆ ಅರಮನೆಯಲ್ಲಿ ಕಂಬ ಸುತ್ತುವ ಆಟ ನಡೆಯಿತು ಅನ್ನಬೇಕು. ರಾಜ ಮುಂದೆ, ಜಿಂಗ್ ಕೆ ಹಿಂದೆ. ರಾಜನ ಸೊಂಟದಲ್ಲಿ ಕತ್ತಿ ಇತ್ತು, ಆದರೆ ಉದ್ದ ಹೆಚ್ಚಾಗಿ ಒರೆಯಿಂದ ಬರಲಿಲ್ಲ. ಆ ಕಾಲದ ಚಿನ್ ಕಂಚಿನ ಕತ್ತಿಗಳು ಈಗ ಸಿಕ್ಕಿವೆ. 1974ರಲ್ಲಿ ಷಿಯಾನ್ ನಗರದ ಹತ್ತಿರ ರೈತರು ಬಾವಿ ತೋಡುವಾಗ ಕಂಡ ಮಣ್ಣಿನ ಸೈನಿಕರ ಜೊತೆ ಇದ್ದವು. ಕೆಲವು ಸುಮಾರು 90 ಸೆಂಟಿಮೀಟರ್ ಉದ್ದ. ಅಳತೆಪಟ್ಟಿ ಮೂರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡುತ್ತಾ ಎಳೆದು ನೋಡಿ, ಗೊತ್ತಾಗುತ್ತದೆ. ಸಭೆಯಲ್ಲಿ ಆಯುಧ ಹಿಡಿಯಬಾರದೆಂಬ ಕಾನೂನಿತ್ತು, ಆದ್ದರಿಂದ ಮಂತ್ರಿಗಳು ಬರಿಗೈಯಲ್ಲಿದ್ದರು. ಕಾವಲಿನವರು ಅಪ್ಪಣೆಯಿಲ್ಲದೆ ಮೇಲೆ ಬರುವಂತಿರಲಿಲ್ಲ. ಆಸ್ಥಾನ ವೈದ್ಯನೊಬ್ಬ ಔಷಧಿ ಚೀಲವನ್ನೇ ಬೀಸಿ ಎಸೆದ. ಕತ್ತಿಯನ್ನು ಬೆನ್ನಿಗೆ ತಳ್ಳಿಕೊಂಡು ಎಳೆಯಿರಿ ಅಂತ ಸುತ್ತಲಿದ್ದವರು ಕೂಗಿದರು. ಹಾಗೆ ಎಳೆದ ಮೇಲೆ ಜಿಂಗ್ ಕೆ ಉಳಿಯಲಿಲ್ಲ.

ಇಲ್ಲಿ ಎರಡು ಸಂಗತಿ ನನಗೆ ಬಹಳ ಕುತೂಹಲ ಹುಟ್ಟಿಸಿದವು. ಜಿಂಗ್ ಕೆಗೆ ಕತ್ತಿವರಸೆ ಚೆನ್ನಾಗಿ ಬರುತ್ತಿರಲಿಲ್ಲ ಅಂತ ಅವನನ್ನು ಬಲ್ಲ ಒಬ್ಬ ಆಮೇಲೆ ಮರುಗಿದನಂತೆ. ಇನ್ನೊಂದು, ರಾಜನನ್ನು ಜೀವಂತ ಹಿಡಿದು, ಕಸಿದ ನೆಲ ವಾಪಸ್ ಕೊಡುವಂತೆ ಮಾತು ತೆಗೆದುಕೊಳ್ಳಬೇಕೆಂದಿದ್ದೆ, ಅದಕ್ಕೇ ಸೋತೆ ಅಂತ ಜಿಂಗ್ ಕೆ ಸಾಯುವಾಗ ಹೇಳಿದನೆಂದು ಸಿಮಾ ಚಿಯಾನ್ ಬರೆಯುತ್ತಾನೆ. ಅಂದರೆ ನಿಜವಾದ ಹಂತಕನಿಗೂ ಕೊಲ್ಲುವುದೊಂದೇ ಗುರಿಯಾಗಿರಲಿಲ್ಲ!

ಹಾಗಂತ ಸಿನಿಮಾದ ತೀರ್ಪನ್ನು ಪೂರ್ತಿ ಒಪ್ಪಲು ನನಗೆ ಆಗಲಿಲ್ಲ. ಕ್ರಿ.ಪೂ. 221ರಲ್ಲಿ ರಾಜ ಎಲ್ಲ ರಾಜ್ಯ ಗೆದ್ದು ಮೊದಲ ಚಕ್ರವರ್ತಿಯಾದ. ತೂಕ, ಅಳತೆ, ಗಾಡಿ ಅಚ್ಚಿನ ಅಗಲ ಎಲ್ಲವನ್ನೂ ಒಂದೇ ಮಾಡಿದ. ಒಳ್ಳೆಯದೇ. ಆದರೆ ಕ್ರಿ.ಪೂ. 213ರಲ್ಲಿ ಪುಸ್ತಕಗಳನ್ನು ಸುಡಿಸಿದ. ಕ್ರಿ.ಪೂ. 210ರಲ್ಲಿ ಅವನು ಸತ್ತ ನಾಲ್ಕೇ ವರ್ಷಗಳೊಳಗೆ ದಂಗೆಗಳಾಗಿ ವಂಶವೇ ಮುಗಿಯಿತು. ಮುರಿದ ಕತ್ತಿ ಬಯಸಿದ ಶಾಂತಿ ಅಷ್ಟು ದಿನವೂ ಬಾಳಲಿಲ್ಲ.

ಸಿನಿಮಾದಲ್ಲೇ ಇದರ ಸುಳಿವಿದೆ. ‘ಕತ್ತಿ’ ಎಂಬ ಅಕ್ಷರವನ್ನು ಹತ್ತೊಂಬತ್ತು ರೀತಿ ಬರೆಯುತ್ತಿದ್ದರಂತೆ. ಇಪ್ಪತ್ತನೆಯ ರೀತಿಯಲ್ಲಿ ಮುರಿದ ಕತ್ತಿ ಬರೆದುಕೊಡುತ್ತಾನೆ. ಇಷ್ಟೊಂದು ರೀತಿ ಯಾಕೆ, ಎಲ್ಲ ತೆಗೆದು ಒಂದೇ ಉಳಿಸುತ್ತೇನೆ ಅನ್ನುತ್ತಾನೆ ರಾಜ. ಆ ಅಕ್ಷರ ಬರೆದದ್ದು ಝಾವೋ ನಾಡಿನ ಒಂದು ಬರವಣಿಗೆ ಶಾಲೆಯಲ್ಲಿ. ನಮ್ಮ ಅಜ್ಜಂದಿರು ತಿದ್ದಿದ ಹಾಗೆ ಅಲ್ಲಿಯ ಮಕ್ಕಳೂ ಮರಳಿನ ಮೇಲೆ ಅಕ್ಷರ ತಿದ್ದುತ್ತಾರೆ. ಚಿನ್ ಸೈನ್ಯದ ಬಾಣಗಳು ಛಾವಣಿ ಸೀಳಿ ಒಳಗೆ ಬೀಳುತ್ತವೆ. ಮಕ್ಕಳು ಹೆದರಿ ಓಡುತ್ತಾರೆ. ಮುದಿ ಮೇಷ್ಟ್ರು ಬಾಣಗಳ ನಡುವೆ ಬಂದು ಕೂತು ಬರೆಯತೊಡಗುತ್ತಾರೆ. ಒಬ್ಬೊಬ್ಬರಾಗಿ ಮಕ್ಕಳೂ ಬಂದು ತಮ್ಮ ತಮ್ಮ ಜಾಗದಲ್ಲಿ ಕೂರುತ್ತಾರೆ. ಗೆದ್ದ ಮೇಲೆ ಚಕ್ರವರ್ತಿ ನಿಜವಾಗಿಯೂ ಚಿನ್ ಲಿಪಿಯೊಂದನ್ನೇ ಉಳಿಸಿದ, ಝಾವೋ ನಾಡಿನ ಬರವಣಿಗೆ ನಿಂತುಹೋಯಿತು.